ಬಲಬದಿಯ ಬಣ್ಣ

ಹೊಳೆಯುವ ಕಾರು ಕಂಡರೆ ಚೆಸ್ಟರ್ ಪ್ರುಸಾಕನಿಗೆ ಮೈ ಉರಿಯುತ್ತಿತ್ತು. ಬೀದಿಯಲ್ಲಿ ಓಡುವ ಕಾರಲ್ಲ, ಅಂಗೈ ಮೇಲೆ ಕೂರುವ ಪ್ಲಾಸ್ಟಿಕ್ ಕಾರು. ಡೆಟ್ರಾಯಿಟಿನ ಪೂರ್ವದ ಕೇರಿಗಳಲ್ಲಿ ಕಾರ್ಖಾನೆ ಬಿಟ್ಟ ಮುದುಕರಲ್ಲಿ ಅರ್ಧಕ್ಕರ್ಧ ಜನ ನೆಲಮಾಳಿಗೆಯಲ್ಲಿ ಕೂತು ಇದನ್ನೇ ಮಾಡುವವರು. ಡಬ್ಬಿಯಲ್ಲಿ ಬಿಡಿಭಾಗ ಬರುತ್ತವೆ. ಅಂಟಿಸಬೇಕು, ಬಣ್ಣ ಹೊಡೆಯಬೇಕು, ಹೊಲಿಗೆ ದಾರದಲ್ಲಿ ಎಂಜಿನ್ನಿಗೆ ವೈರು ಎಳೆಯಬೇಕು, ಕಿಟಕಿಯ ಅಂಚಿಗೆ ಬೆಳ್ಳಿ ಹಾಳೆ ಕತ್ತರಿಸಿ ಒತ್ತಬೇಕು. ಎಲ್ಲರ ಮೇಜಿನ ಮೇಲೂ ಅದೇ ಅರವತ್ತೊಂಬತ್ತು, ಎಪ್ಪತ್ತರ ಕಾಲದ ದೊಡ್ಡ ಎಂಜಿನ್ನಿನ ಮಸಲ್ ಕಾರುಗಳು.

ಒಮ್ಮೆ ಹಲ್ಲಿನ ಡಾಕ್ಟರೊಬ್ಬ ತನ್ನ ಕಾರನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಿ ಕನ್ನಡಿಯಂತೆ ಮಾಡಿ ಮಾದರಿ ಕಾರುಗಳ ಪ್ರದರ್ಶನಕ್ಕೆ ತಂದಿದ್ದ. ಚೆಸ್ಟರ್ ಅದನ್ನು ಬಗ್ಗಿ ನೋಡಿದ.

"ಇಷ್ಟು ಹೊಳೆಯೋ ಕಾರು ನಮ್ಮ ಕಾರ್ಖಾನೆ ಬಾಗಿಲು ದಾಟಿ ಒಂದೂ ಹೋಗಿಲ್ಲ ಡಾಕ್ಟ್ರೇ. ಇದು ಕಾರಲ್ಲ, ಕಟ್ಟಿಸಿದ ಹಲ್ಲು."

ಹಾಗೆ ಅನ್ನುವ ಹಕ್ಕು ತನಗೊಬ್ಬನಿಗೇ ಇದೆ ಎಂದು ಅವನು ತಿಳಿದಿದ್ದ. ಹತ್ತೊಂಬತ್ತು ವರ್ಷ ಆ ಕಾರುಗಳನ್ನು ಮಾಡುತ್ತಿದ್ದ ಕಾರ್ಖಾನೆಯ ಬಣ್ಣದ ಕೋಣೆಯಲ್ಲಿ ಸ್ಪ್ರೇ ಗನ್ ಹಿಡಿದು ನಿಂತವನು. ನಿಮಿಷಕ್ಕೊಂದು ಕಾರು ಮುಂದೆ ಹಾದು ಹೋಗುತ್ತಿತ್ತು. ಬಣ್ಣ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಕೂರುತ್ತಿತ್ತು, ಕಾರಿನ ಬಾಗಿಲ ಕೆಳಗೆ ನುಸುಳಿ ಕಪ್ಪು ತಳಕ್ಕೆ ಮಂಜಿನಂತೆ ಬಡಿಯುತ್ತಿತ್ತು. ಈಗ ಕಾರ್ಖಾನೆಯೇ ಇಲ್ಲ. ಕೆಡವಿದ ಜಾಗದಲ್ಲಿ ಕಳೆ ಬೆಳೆದಿದೆ. ಕಾರ್ಮಿಕ ಸಂಘದವರು ತಮ್ಮ ಸಭಾಂಗಣದಲ್ಲಿ ಒಂದು ಗಾಜಿನ ಪೆಟ್ಟಿಗೆ ಇಟ್ಟು, 'ನಾವು ಮಾಡಿದ ಕಾರು ಹೀಗಿತ್ತು' ಎಂದು ಒಂದೇ ಒಂದು ಮಾದರಿ ಕಾರು ಇಡುತ್ತೇವೆಂದು ಸಾರಿದಾಗ, ಅದು ತನ್ನದೇ ಆಗಬೇಕೆಂದು ಚೆಸ್ಟರ್ ಪಟ್ಟು ಹಿಡಿದ. ತಾನು ಅಲ್ಲಿ ಬದುಕು ಸವೆಸಿದ್ದಕ್ಕೆ ಬೇರೆ ಯಾವ ಗುರುತೂ ಉಳಿದಿರಲಿಲ್ಲ.

ನಾಲ್ಕು ತಿಂಗಳು ಕೂತ. ಕಿತ್ತಳೆ ಬಣ್ಣವನ್ನು ಬೇಕೆಂದೇ ಸ್ವಲ್ಪ ಗಟ್ಟಿ ಮಾಡಿ, ಬಣ್ಣ ಚಿಮ್ಮುವ ಪೆನ್ನಿನಂಥ ಏರ್‌ಬ್ರಷ್ಷನ್ನು ಬೇಕೆಂದೇ ದೂರ ಹಿಡಿದು, ತರಿ ಬರಿಸಿದ. ಕಾರನ್ನು ಮಗುಚಿ, ತಳದ ಅಂಚಿಗೆ ಕಿತ್ತಳೆ ಮಂಜು ಬೀಳಿಸಿದ. ಹಿಂದಿನ ಚಕ್ರದ ಕಡೆ ದಟ್ಟ, ಮುಂದೆ ತೆಳು. ಕಾರ್ಖಾನೆಯಲ್ಲಿ ಅವನು ಮುಂದಿನಿಂದ ಹಿಂದಕ್ಕೆ ನಡೆಯುತ್ತ ಹೊಡೆಯುತ್ತಿದ್ದದ್ದರಿಂದ ಹಾಗೆ.

"ನಾಲ್ಕು ತಿಂಗಳು ಕೂತು ಕೆಟ್ಟದಾಗಿ ಬಣ್ಣ ಹೊಡೀತಿರೋನು ನೀನೊಬ್ಬನೇ ಚೆಟ್," ಎಂದಳು ಹೆಂಡತಿ ಹೆಡ್ಡಿ. "ನಮ್ಮ ಬೇಲಿಗೆ ಎರಡೇ ಗಂಟೇಲಿ ಹೊಡೆದೆಯಲ್ಲ, ಅದೂ ಹೀಗೇ ಇದೆ."

ಶುಕ್ರವಾರ ಸಭಾಂಗಣದಲ್ಲಿ ಹುರಿದ ಮೀನಿನ ಊಟ. ಚೆಸ್ಟರ್ ತನ್ನ ಕಾರನ್ನು ಮೇಜಿನ ಮೇಲಿಟ್ಟು, ಬಂದವರಿಗೆಲ್ಲ ಅದರ ಒಂದೊಂದು ಹನಿಯೂ ತನಗೆ ಗೊತ್ತೆಂದು ಹೇಳುತ್ತಿದ್ದ. ಅಷ್ಟರಲ್ಲಿ ಓಡೆಲ್ ಪೆಟ್‌ವೇ ಬಂದ. ಅಲಬಾಮಾದಿಂದ ಬಂದು ಸೇರಿದ್ದ ಕಪ್ಪು ಮನುಷ್ಯ, ಉದ್ದ ಕೈಕಾಲು. ಬಣ್ಣದ ಕೋಣೆಯಲ್ಲಿ ಚೆಸ್ಟರ್ ಕಾರಿನ ಎಡಕ್ಕೆ ನಿಂತರೆ ಇವನು ಬಲಕ್ಕೆ. ಊಟಕ್ಕೆ ಮಾತ್ರ ಚೆಸ್ಟರನಂಥ ಪೋಲೆಂಡ್ ಮೂಲದವರು ಒಂದು ಮೇಜು, ಇವನಂತೆ ದಕ್ಷಿಣದ ರಾಜ್ಯಗಳಿಂದ ಬಂದವರು ಇನ್ನೊಂದು. ಹತ್ತೊಂಬತ್ತು ವರ್ಷದಲ್ಲಿ ಇಬ್ಬರೂ ಹತ್ತು ಮಾತು ಆಡಿರಲಿಕ್ಕಿಲ್ಲ. 'ಅವನು ಬಣ್ಣ ಹೊಡೆಯಲ್ಲ, ಗಿಡಕ್ಕೆ ನೀರು ಹಾಕ್ತಾನೆ' ಎಂದು ಚೆಸ್ಟರ್ ಆಗಲೇ ತೀರ್ಪು ಕೊಟ್ಟಾಗಿತ್ತು.

ಓಡೆಲ್ ಕಾರನ್ನು ಮುಟ್ಟಲಿಲ್ಲ. ಸಂಘದ ಕಾರ್ಯದರ್ಶಿ ಬರ್ನಿಸಳ ಕೈಗನ್ನಡಿ ಕೇಳಿ ಪಡೆದು, ಅದನ್ನು ಕಾರಿನ ಕೆಳಗೆ ತೂರಿಸಿ ಎರಡೂ ಪಕ್ಕ ನೋಡಿದ.

"ಎಡಗಡೆ ನಮ್ಮ ಕಾರು," ಎಂದ. "ಬಲಗಡೆ ಯಾವ ಊರಿಂದು?"

"ಎರಡು ಕಡೇನೂ ಒಂದೇ ಕಾರು."

"ಕಾರು ಒಂದೇ. ಎರಡು ಕಡೇನೂ ನೀನೇ ನಿಂತಿದ್ಯಾ? ನಾನು ಎಡಗೈಯೋನು. ಹಿಂದಿನಿಂದ ಮುಂದಕ್ಕೆ ಬರ್ತಿದ್ದೆ. ಅಲ್ಲಿದ್ದದ್ದು ನಾನೋ, ಗೋಡೆಗೆ ತೂಗುಹಾಕಿದ್ದ ಕೋಟೋ?"

ಸುತ್ತಲಿನವರು ನಕ್ಕರು. ಯಾರೋ ಮೀನು ನೆತ್ತಿಗೆ ಹತ್ತಿ ಕೆಮ್ಮಿದರು.

"ನೀನು ಹೊಡೆದಿದ್ದನ್ನ ಯಾವನು ನೆನಪಿಟ್ಕೋತಾನೆ?" ಎಂದು ಚೆಸ್ಟರ್ ಕಾರನ್ನು ಡಬ್ಬಿಗೆ ತುಂಬಿದ.

ಮನೆಗೆ ಬಂದು ಮೂರು ದಿನ ಆ ಬಲಬದಿಯನ್ನು ನೆನಪಿಗೆ ತರಲು ಹೆಣಗಿದ. ತಲೆಗೆ ಟೊಪ್ಪಿ, ಮುಖಕ್ಕೆ ಮುಸುಕು, ನಡುವೆ ಬಣ್ಣದ ಹೊಗೆ, ಅಷ್ಟೇ ಬಂತು. ಸಾವಿರಾರು ಕಾರು ತನ್ನ ಕೈಯಲ್ಲಿ ಹೋಗಿವೆ, ಒಂದರ ಬಲ ಪಕ್ಕವನ್ನೂ ತಾನು ನೋಡಿಲ್ಲ. ನೋಡದ್ದನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ಎಡದಿಂದ ಬಲಕ್ಕೆ ನಕಲು ಹೊಡೆದಿದ್ದ. ಡಾಕ್ಟರನ ಕಾರು ಹೊಳಪಿನ ಸುಳ್ಳಾದರೆ ತನ್ನದು ತರಿಯ ಸುಳ್ಳು. ಡಾಕ್ಟರನಾದರೋ ಕಾರ್ಖಾನೆ ಕಂಡವನಲ್ಲ.

ನಾಲ್ಕನೆಯ ದಿನ ಚಕ್ರ, ಗಾಜು, ಬೆಳ್ಳಿ ಹಾಳೆ ಎಲ್ಲ ಬಿಡಿಸಿದ. ಒಂದು ಪಕ್ಕದ ಬಣ್ಣ ಮಾತ್ರ ತೆಗೆದರೆ ಸೇರುವಲ್ಲಿ ಗೆರೆ ಕಾಣುತ್ತದೆ. ತೆಗೆದರೆ ಪೂರ್ತಿ ತೆಗೆಯಬೇಕು. ಉಪ್ಪಿನಕಾಯಿ ಜಾಡಿಗೆ ಬ್ರೇಕ್ ಆಯಿಲ್ ಸುರಿದು ಕಾರನ್ನು ಅದರಲ್ಲಿ ಮುಳುಗಿಸಿದ. ನಾಲ್ಕು ತಿಂಗಳ ಕೆಲಸ ಮರುದಿನ ಸಿಪ್ಪೆಯಾಗಿ ಎದ್ದು ಬಂತು. ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ತೊಳೆದು ಒಣಗಿಸಿ, ಆಮೇಲೆ ಓಡೆಲ್‌ಗೆ ಫೋನು ಮಾಡಿದ.

"ನೀನು ಹೆಂಗೆ ತಪ್ಪು ಹೊಡೀತಿದ್ದೆ, ಬಂದು ತೋರಿಸು," ಎಂದ.

"ಕಾಫಿ ಇಟ್ಟಿರು," ಎಂದ ಓಡೆಲ್.

ಅಂಗಳದಲ್ಲಿ ಹೆಡ್ಡಿಯ ಕಾರು ನಿಂತಿತ್ತು. ಓಡೆಲ್ ಎಡಗೈಯಲ್ಲಿ ಖಾಲಿ ಬಣ್ಣದ ಡಬ್ಬಿಯನ್ನು ಗನ್ನಿನಂತೆ ಹಿಡಿದು ಅದರ ಬಲಕ್ಕೆ, ಹಿಂದಿನ ಚಕ್ರದ ಬಳಿ ನಿಂತ. ಹಿಂದಿನಿಂದ ಮುಂದಕ್ಕೆ ನಡೆದ. ಬಾಗಿಲು ದಾಟಿದ ಮೇಲೆ ಕೈ ತಾನಾಗಿಯೇ ಕೆಳಗಿಳಿಯಿತು.

"ಇಲ್ಲಿ ನಂಗೆ ಸೊಂಟ ಹಿಡೀತಿತ್ತು. ಬಗ್ಗಿದ್ರೆ ಗನ್ನೂ ಕೆಳಗಿಳಿಯೋದು. ಬಣ್ಣ ಎಲ್ಲ ಮುಂದಿನ ಚಕ್ರದ ಒಳಗೆ."

"ಗನ್ ಹಿಡಿಯೋ ರೀತಿಯೇ ಅಲ್ಲ ಅದು."

"ಅಲ್ಲ. ಆದ್ರೆ ಕಾರು ಹೋಗಿದ್ದು ಹಂಗೇ."

ಕಿಟಕಿಯಿಂದ ಹೆಡ್ಡಿ ಕೂಗಿದಳು: "ಇಬ್ರು ಮುದುಕರು ಸೇರಿ ನನ್ನ ಕಾರಿಗೆ ಏನು ಮಾಟ ಮಾಡ್ತಿದೀರಾ?"

ಆ ಕೈ ಇಳಿಯುವುದನ್ನು ತನ್ನ ಬಲಗೈಯಲ್ಲಿ ಬರಿಸಲು ಚೆಸ್ಟರ್ ನೆಲಮಾಳಿಗೆಯಲ್ಲಿ ಹಾಳು ತಟ್ಟೆಯೊಂದರ ಮೇಲೆ ಐದು ಸಲ ಹೊಡೆದು ನೋಡಿದ. ಬರಲಿಲ್ಲ. ಎಡಬದಿ ತಾನು ಮುಗಿಸಿ, ಅದು ಹಸಿ ಇರುವಾಗಲೇ, ಹಲ್ಲು ಕಚ್ಚಿಕೊಂಡು ಏರ್‌ಬ್ರಷ್ಷನ್ನು ಓಡೆಲ್‌ನ ಕೈಗೆ ಕೊಟ್ಟ. ಓಡೆಲ್ ಅದನ್ನು ಪೆನ್ಸಿಲಿನಂತೆ ಅಲ್ಲ, ಗನ್ನಿನಂತೆ ಮುಷ್ಟಿಯಲ್ಲಿ ಹಿಡಿದು, ಹಿಂದಿನಿಂದ ಮುಂದಕ್ಕೆ ಒಂದೇ ಉಸಿರಿಗೆ ಎಳೆದ. ಮುಂದಿನ ಚಕ್ರದ ಮೇಲೆ ಬಣ್ಣ ಹೆಚ್ಚಾಗಿ ಒಂದು ಹನಿ ಸೋರಿತು. ಚೆಸ್ಟರ್ ಬಟ್ಟೆ ಎತ್ತಿಕೊಂಡ.

"ಮುಟ್ಟಬೇಡ," ಎಂದ ಓಡೆಲ್.

"ಸೋರ್ತಾ ಇದೆ ಕಣೋ!"

"ಅಲ್ಲೂ ಸೋರ್ತಿತ್ತು."

ಚೆಸ್ಟರ್ ಬಟ್ಟೆಯನ್ನು ಹಿಂಡಿ ಹಿಂಡಿ ಕೆಳಗಿಟ್ಟ.

ಸೆಪ್ಟೆಂಬರಿನ ಕಾರ್ಮಿಕರ ಹಬ್ಬದ ಹಿಂದಿನ ದಿನ ಅವರ ಕಾರೇ ಆಯ್ಕೆಯಾಗಿ, ಹೆಸರಿನ ಚೀಟಿ ಬರೆಯಲು ಬರ್ನಿಸ್ ಪೆನ್ನು ತೆಗೆದಳು.

"ಮಾಡಿದವರು ಚೆಸ್ಟರ್ ಪ್ರುಸಾಕ್, ಅಂತ ಬರೀಲಾ?"

"ಎಡಗಡೆ ನಾನು, ಬಲಗಡೆ ಅವನು. ಬೇರೆ ಬೇರೆ ಬರಿ," ಎಂದ ಚೆಸ್ಟರ್. "ಆ ಸೋರಿರೋದು ನನ್ನ ತಲೆಗೆ ಬರೋದು ಬೇಡ."

"ದೊಡ್ಡಕ್ಷರದಲ್ಲಿ ಬರಿಯಮ್ಮ," ಎಂದ ಓಡೆಲ್. "ಎಡಗಡೆಯ ಒಣಕಲು ಬಣ್ಣ ನಂದು ಅಂದ್ಕೊಂಡಾರು."

ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಯಾವ ಬದಿ ಜನರಿಗೆ ಕಾಣಲಿ ಎಂದು ಬರ್ನಿಸ್ ಕೇಳಿದಳು. ಚೆಸ್ಟರ್ ಕಾರನ್ನೊಮ್ಮೆ ಗೋಡೆಯನ್ನೊಮ್ಮೆ ನೋಡಿದ. ಬಲಬದಿಯನ್ನು ಗೋಡೆಗೆ ತಿರುಗಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ.

"ಪೆಟ್ಟಿಗೆ ಎಳೆದು ನಟ್ಟನಡುವಿಗೆ ತನ್ನಿ," ಎಂದ. "ಸುತ್ತ ತಿರುಗಿ ನೋಡಲಿ."

ನಾಲ್ಕು ಜನ ಎಳೆದರು. ಹಿಡಿಯಲು ಬಾರದವರು, ಮೂಟೆ ಎಳೆಯುವವರು ಎಂದು ಅವನು ಕೊನೆಯವರೆಗೂ ಬೈಯುತ್ತಲೇ ಇದ್ದ.