ಹಳ್ಳ ಬಿಟ್ಟು ಬಂದ ಏಡಿಗಳು

ಕೊಡಗು ಇನ್ನೂ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಕಾಲ. ಮಾದಾಪುರದ ಈಚೆ, ನಮ್ಮ ಗದ್ದೆಯ ಪಕ್ಕದಲ್ಲಿ ಹರಿಯುವ ಹಳ್ಳ ಮೇಲಿನ ಬಿಳಿ ದೊರೆಯ ಕಾಫಿ ಎಸ್ಟೇಟಿನಿಂದ ಇಳಿದು ಬರುತ್ತಿತ್ತು. ಆ ವರ್ಷ ಎಸ್ಟೇಟಿನಲ್ಲಿ ಹೊಸದಾಗಿ ಪಲ್ಪರ್ ಯಂತ್ರ ಕೂರಿಸಿದ್ದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜದ ಲೋಳೆ ತೊಳೆದ ನೀರನ್ನು ಸಂಜೆ ಹೊತ್ತು ಹಳ್ಳಕ್ಕೆ ಬಿಡುತ್ತಿದ್ದರು. ನಾನು ಓದು ಮುಗಿಸಿ ಮಡಿಕೇರಿಯಿಂದ ಬಂದು ಮನೆಯಲ್ಲಿದ್ದೆ. ಅಕ್ಕ ಹೆರಿಗೆಗೆ ಬಂದಿದ್ದಳು.

ಹೆಣ್ಣು ಮಗುವಾಯಿತು. ಅವಳ ಮೊದಲಿನ ಎರಡು ಮಕ್ಕಳು ಉಳಿದಿರಲಿಲ್ಲ. ಇದು ಗಟ್ಟಿಯಾಗಿ ಅಳುತ್ತಿತ್ತು, ಆದರೆ ಅಕ್ಕನಿಗೆ ಹಾಲು ಸಾಲುತ್ತಿರಲಿಲ್ಲ. ಅವ್ವನಿಗೆ ಹಗಲೂ ರಾತ್ರಿಯೂ ಅದೊಂದೇ ಯೋಚನೆ. ಏಡಿ ಸಾರು ಕುಡಿದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಆದರೆ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಹಳ್ಳ ಬಡವಾಗಿರುತ್ತದೆ, ಏಡಿಗಳು ಬಿಲ ಸೇರಿರುತ್ತವೆ. ಕಚ್ಚಿಸಿಕೊಳ್ಳದೆ ಹಿಡಿಯುವಂತಿಲ್ಲ.

ಒಂದು ಸಂಜೆ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೂಗಿ ಕರೆದಳು. ಅವ್ವನೂ ನಾನೂ ಹೋಗಿ ನೋಡಿದರೆ ಏಡಿಗಳು ತಾವಾಗಿಯೇ ನೀರು ಬಿಟ್ಟು ದಡ ಹತ್ತಿ ಕೂತಿದ್ದವು. ಕಲ್ಲಿನ ಮೇಲೆ, ಬೇರುಗಳ ಮೇಲೆ, ಹುಲ್ಲಿನಲ್ಲಿ. ಮುಟ್ಟಿದರೂ ಓಡಲಿಲ್ಲ. ನೀರು ಕೆಂಪಗಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಕೊಯ್ಲಿನ ಕಾಲದ ವಾಸನೆ ಎಂದು ನಾವು ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ.

"ನೋಡಕ್ಕ, ಕರೀದೇನೇ ನಿನ್ ಮಗಳ ಬಾಣಂತನಕ್ಕೆ ಬಂದವೆ!" ಎಂದಳು ಪಕ್ಕದ ಮನೆಯಾಕೆ.

ಅವ್ವನ ಮುಖದಲ್ಲಿ ನಗು ಕಂಡು ಬಹಳ ದಿನವಾಗಿತ್ತು. ಒಂದೊಂದನ್ನೂ ಮಗುಚಿ ಹೊಟ್ಟೆ ನೋಡಿ ಬುಟ್ಟಿಗೆ ಹಾಕಿದಳು. ಮೊಟ್ಟೆ ಹೊತ್ತ ಹೆಣ್ಣೇಡಿಯನ್ನು ನಮ್ಮ ಮನೆಯಲ್ಲಿ ಕೊಲ್ಲುವುದಿಲ್ಲ. ಮನೆಯಲ್ಲಿ ಬಾಣಂತಿ ಇದ್ದಾಗಲಂತೂ ಇಲ್ಲವೇ ಇಲ್ಲ. ಅಂಥವನ್ನು ಅವ್ವ ಬೇರೆ ಮಾಡಿ ನೀರಿಗೆ ಬಿಟ್ಟಳು. ಅವು ತಿರುಗಿ ಹತ್ತಿ ಬಂದವು. ಅವ್ವ ಮತ್ತೆ ಬಿಟ್ಟಳು.

"ಬಿಡಕ್ಕ, ನಿಮ್ಮನೆ ಮಡಕೇಲಿ ಬೇಯೋ ಆಸೆ ಅವಕ್ಕೆ."

"ಮುಚ್ಚೇ ಬಾಯಿ. ಬಸುರೀನ ಬೇಯಿಸಿ ನನ್ ಮಗಳಿಗೆ ಬಡಿಸ್ಲಾ?" ಎಂದ ಅವ್ವ ಕೈಯಲ್ಲಿದ್ದ ಏಡಿಗೆ, "ಹೋಗವ್ವ, ನೀರಿಗೆ ಹೋಗು. ಮಕ್ಕಳನ್ನ ಹೆತ್ಕಂಡು ಸುಖವಾಗಿರು" ಎಂದಳು.

ಬೆಳಿಗ್ಗೆ ನೀರು ತಿಳಿಯಾಗಿತ್ತು. ಮಡುವಿನ ತಳದಲ್ಲಿ ಏಡಿಗಳು ಅಂಗಾತ ಬಿದ್ದಿದ್ದವು, ಹೊಟ್ಟೆಗೆ ಅಂಟಿದ ಮೊಟ್ಟೆಗಳ ಸಮೇತ. ಅವ್ವ ಬಹಳ ಹೊತ್ತು ನೋಡಿದಳು. "ನಾನೇ ಬಿಟ್ನಲ್ಲೋ" ಎಂದಳು.

ಆಮೇಲೆ ಏಡಿ ಸಿಗಲಿಲ್ಲ. ಒಂದು ಹೊತ್ತಿನ ಸಾರಿಗೆ ಅಕ್ಕನ ಹಾಲು ಹೆಚ್ಚಲೂ ಇಲ್ಲ. ಮಗುವಿಗೆ ಹಸುವಿನ ಹಾಲು ಕುಡಿಸಬೇಕಾಯಿತು. ಗಟ್ಟಿ ಹಾಲು ಎಳೆ ಮಗುವಿಗೆ ಅರಗುವುದಿಲ್ಲವೆಂದು ಅದಕ್ಕೆ ನೀರು ಬೆರೆಸುತ್ತಿದ್ದರು. ನೀರು ಅದೇ ಹಳ್ಳದ್ದು. ಪಲ್ಪರಿನ ನೀರು ಬರುವುದು ಸಂಜೆ, ಆದ್ದರಿಂದ ಅವ್ವ ಬೆಳಗಿನ ತಿಳಿನೀರನ್ನೇ ತಂದು ಬಟ್ಟೆಯಲ್ಲಿ ಸೋಸುತ್ತಿದ್ದಳು.

ಮೊದಲು ಆ ಹಳ್ಳದಲ್ಲಿ ಯಾವ ಕಲ್ಲು ಎತ್ತಿದರೂ ಅಡಿಯಲ್ಲಿ ಜೀವ ಇರುತ್ತಿತ್ತು. ಮರಳಿನ ಕಣ ಅಂಟಿಸಿಕೊಂಡು ಗೂಡು ಕಟ್ಟುವ ಹುಳ, ಚಪ್ಪಟೆ ಮೈಯ ಮರಿಹುಳ, ಬಸವನಹುಳು. ಈಗ ಕಲ್ಲಿನಡಿ ಕರಿ ಕೆಸರು, ಕೆಸರಿನಲ್ಲಿ ಕೆಂಪು ದಾರದಂಥ ಹುಳಗಳು. ಒಳ್ಳೆಯ ನೀರು ಬೇಕಾದವು ಮೊದಲು ಹೋಗುತ್ತವೆ, ಕೆಟ್ಟ ನೀರನ್ನೂ ತಾಳುವ ಕೆಂಪು ಹುಳಗಳು ಕೊನೆಯವರೆಗೆ ಉಳಿಯುತ್ತವೆ ಎಂದು ಬಹಳ ವರ್ಷಗಳ ನಂತರ ತಿಳಿದವರಿಂದ ಕೇಳಿದೆ. ಆಗ ನಮ್ಮ ಮನೆಯಲ್ಲಿ ಎಲ್ಲರೂ ನೀರಿನ ಬಣ್ಣ ನೋಡುತ್ತಿದ್ದೆವು. ತಳ ನೋಡುತ್ತಿರಲಿಲ್ಲ.

ಮಗುವಿಗೆ ಭೇದಿ ಹಿಡಿಯಿತು. ನಾಟಿ ಔಷಧಿ ಮಾಡಿಸಿದರು. ಅಳು ಸಣ್ಣದಾಗುತ್ತ ಬಂತು. ಬೇಸಿಗೆಯ ಮೊದಲಲ್ಲಿ ಕಾಫಿ ಹೂ ಅರಳಿಸುವ ಮಳೆಗೂ ಮೊದಲೇ ಮಗು ಹೋಯಿತು.

ಹಳ್ಳದ ನೀರೇ ಮಗುವನ್ನು ಕೊಂದಿತು ಎಂದು ನಾನು ಬರೆಯಲಾರೆ. ಯಾರೂ ಆ ನೀರನ್ನು ಪರೀಕ್ಷಿಸಲಿಲ್ಲ. ಆ ಕಾಲದಲ್ಲಿ ಭೇದಿಗೆ ಹಸುಳೆಗಳು ಹೋಗುವುದು ಹೊಸತೂ ಅಲ್ಲ. ನಾನು ಕಂಡದ್ದು ಇಷ್ಟು: ಏಡಿಗಳು ಆ ನೀರಿನಲ್ಲಿ ಇರಲಾರದೆ ಹೊರಗೆ ಬಂದವು, ಮತ್ತು ನಾವು ಅದನ್ನು ಮನೆಯೊಳಗೆ ತಂದೆವು.

ಮಗು ಹೋದ ಮೂರನೆಯ ದಿನ ಅಕ್ಕನ ಎದೆ ಕಲ್ಲಿನಂತೆ ಗಟ್ಟಿಯಾಗಿ, ಜ್ವರ ಬಂತು. ಇದ್ದ ಅಲ್ಪಸ್ವಲ್ಪ ಹಾಲೇ ಕುಡಿಯುವವರಿಲ್ಲದೆ ಕಟ್ಟಿಕೊಂಡಿತ್ತು. ಅವ್ವ ಸೆರಗು ಹೊದ್ದು ಹೊರಟಳು. ನಾನೂ ಜೊತೆಗೆ ಹೋದೆ. ರಸ್ತೆಯಾಚೆ ಒಂದು ಮನೆಯ ಮುಂದೆ ಮಲ್ಲಿಗೆ ಬಳ್ಳಿ ಇತ್ತು. ಆ ಮನೆಯ ಮುದುಕಿಗೆ ಸುದ್ದಿ ಮುಟ್ಟಿರಲಿಲ್ಲ. ಅವ್ವ ಹೂವು ಕೇಳಿದಳು.

"ಯಾರಿಗವ್ವ ಇಷ್ಟೊಂದು ಹೂವು?"

"ಮಗಳಿಗೆ."

"ಅಯ್ಯೋ, ಹಸಿ ಬಾಣಂತಿ! ಮಲ್ಲಿಗೆ ತಾಗಿಸ್ಬೇಡ. ಎದೆಗೆ ಕಟ್ಟಿದ್ರಂತೂ ಹಾಲೇ ಬತ್ತೋಗ್ತದೆ."

"ಬತ್ಲಿ ಅಂತಾನೇ ಕಣವ್ವ" ಎಂದಳು ಅವ್ವ.

ಮುದುಕಿ ಬಳ್ಳಿಯನ್ನು ಬಗ್ಗಿಸಿ, ಮೊಗ್ಗನ್ನೂ ಬಿಡದೆ ಬಿಡಿಸತೊಡಗಿದಳು. ಅವ್ವ ಸೆರಗು ಒಡ್ಡಿ ನಿಂತಳು.