ಅಜ್ಜಿಯ ರಕ್ತ

ಅಪ್ಪ ಮದುವೆಯಾದದ್ದು ತನ್ನ ಸ್ವಂತ ಅಕ್ಕನ ಮಗಳನ್ನು. ಹಾಗಾಗಿ ನಮ್ಮಜ್ಜಿ ಅಮ್ಮನಿಗೆ ಹೆತ್ತವ್ವನ ತಾಯಿಯೂ ಹೌದು, ಅತ್ತೆಯೂ ಹೌದು. ಆದರೆ ಅತ್ತೆಯಾದ ದಿನದಿಂದ ಅಜ್ಜಿ ಮೊದಲಿನ ನಂಟನ್ನು ಮರೆತೇಬಿಟ್ಟಿದ್ದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವುದು ನಮ್ಮವರ ಲೆಕ್ಕ.

ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ ನಾನು ಮಲೇರಿಯಾ ಹತ್ತಿಸಿಕೊಂಡು ಕಾಮಸಮುದ್ರದ ಪಕ್ಕದ ನಮ್ಮೂರಿಗೆ ಬಂದೆ. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ನುಂಗತೊಡಗಿದ ಮೇಲೆ ಉಚ್ಚೆ ಬೆಲ್ಲದ ಕಾಫಿಯಂತೆ ಕಪ್ಪಾಯಿತು, ಕಣ್ಣು ಹಳದಿಯಾಯಿತು. ಅಜ್ಜಿಗೆ ಖುಷಿಯೋ ಖುಷಿ.

"ಜ್ವರದ ಇಸ ಇಳೀತಾ ಐತೆ ಕಣ್ಲಾ, ನುಂಗು. ನಿಮ್ ತಾತ ಗಣೀಲಿದ್ದಾಗ ಇವೇ ಮಾತ್ರೆ ನುಂಗಿ ಗುಂಡುಕಲ್ಲಂಗೆ ಎದ್ದ."

ಅಮ್ಮನಿಗೆ ಹಳೆಯ ಭಯ. ಅವಳ ತಮ್ಮ ಚಿಕ್ಕವನಿದ್ದಾಗ ಹೀಗೇ ಜ್ವರಕ್ಕೆ ಮಾತ್ರೆ ನುಂಗಿ, ಹೀಗೇ ಕಪ್ಪಗೆ ಹೊಯ್ದು ಸತ್ತಿದ್ದ. ನಿಲ್ಲಿಸೋಣ ಎಂದು ಬೇಡಿಕೊಂಡಳು.

"ಅವ್ನಿಗೆ ಗಾಳಿ ಸೋಕಿತ್ತು. ನಿನ್ ತಮ್ಮ ಸತ್ತ ಅಂತ ನನ್ ಮೊಮ್ಮಗನ ಔಷ್ದಿ ಬುಡುಸ್ತೀಯೇನೇ?" ಎಂದಳು ಅಜ್ಜಿ. ಸತ್ತವನೂ ಅವಳ ಮೊಮ್ಮಗನೇ.

ಅಮ್ಮ ಮಾತ್ರೆಗಳನ್ನು ತಿಪ್ಪೆಗೆ ಎಸೆದಳು. ಅಪ್ಪ ಅವಳ ಕೆನ್ನೆಗೆ ಬಾರಿಸಿದ. ಅವತ್ತೇ ನಾನು ಬಚ್ಚಲಲ್ಲಿ ಬಿದ್ದೆ. ಆಟೋದಲ್ಲಿ ಬಂಗಾರಪೇಟೆಗೆ ಒಯ್ದು ರಕ್ತ ಕೊಡಿಸಿದರು.

ಡಾಕ್ಟರು ಹೇಳಿದರು: ನಿನ್ನ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವ ಕಡಿಮೆ. ಇಂಥ ರಕ್ತದಲ್ಲಿ ಮಲೇರಿಯಾ ಕ್ರಿಮಿ ಸುಲಭವಾಗಿ ಬೆಳೆಯುವುದಿಲ್ಲ. ಆದರೆ ಆ ಮಾತ್ರೆ ಬಿದ್ದರೆ ರಕ್ತವೇ ಒಡೆದುಹೋಗುತ್ತದೆ. ಇದು ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. ಬೆಳೆಯದ ಕ್ರಿಮಿ ನನ್ನಲ್ಲಿ ಹುಲುಸಾಗಿ ಬೆಳೆದಿತ್ತು, ಅದು ನನ್ನ ಹಣೆಬರಹ. ಅಪ್ಪನ ಕಿವಿಗೆ ಬಿದ್ದದ್ದು 'ತಾಯಿಯಿಂದ' ಎಂಬ ಮಾತು ಮಾತ್ರ.

ನನ್ನನ್ನು ಉಳಿಸಿದವಳು ಮನೆಯಲ್ಲಿ ಕೊಲೆಗಾತಿಯಾದಳು. "ಕೆಟ್ಟ ರಕ್ತ ತಂದು ನಮ್ ವಂಸಕ್ಕೆ ಆಕವ್ಳೆ. ತವರಿಗೆ ಅಟ್ಲಾ ಇವಳ್ನ," ಎಂದು ಅಜ್ಜಿ ಮಗನ ಬೆನ್ನು ಹತ್ತಿದಳು. ಅಪ್ಪ ಹೂಂಗುಟ್ಟಿದ. ಅಮ್ಮ ಸೀರೆಗಳನ್ನು ಗಂಟು ಕಟ್ಟಿದಳು.

ಮತ್ತೆ ರಕ್ತ ತೋರಿಸಲು ಹೋದಾಗ ನಾನೇ ಅಮ್ಮನ ತಮ್ಮ ಸತ್ತ ಬಗೆ ಹೇಳಿ ಡಾಕ್ಟರನ್ನು ಕೇಳಿದೆ, ಅಮ್ಮನಿಗೆ ಎಲ್ಲಿಂದ ಬಂತು? ಅವಳ ತಮ್ಮನಿಗೂ ಇತ್ತೆಂದರೆ ಅವರ ತಾಯಿಯಿಂದ, ಎಂದರು. ಆ ತಾಯಿಗೆ, ಅಂದರೆ ನಮ್ಮಪ್ಪನ ಅಕ್ಕನಿಗೆ? ಹೆತ್ತವರಲ್ಲಿ ಒಬ್ಬರಿಂದ. ತಾತ ಇದೇ ಮಾತ್ರೆ ನುಂಗಿ ಗುಂಡುಕಲ್ಲಿನಂತಿದ್ದ ಕಥೆ ಹೇಳಿದೆ. "ಹಾಗಾದರೆ ಅಜ್ಜಿಯಿಂದಲೇ ಇರಬೇಕು," ಎಂದರು.

ಎಲ್ಲರೂ ಊಟಕ್ಕೆ ಕೂತಾಗ ಅದನ್ನು ಬೇಕೆಂದೇ ಹೇಳಿದೆ. ಅಜ್ಜಿಯ ಕೈಯಲ್ಲಿದ್ದ ಮುದ್ದೆಯ ತುತ್ತು ತಟ್ಟೆಗೆ ಬಿತ್ತು. ಅಮ್ಮ ಮೆಲ್ಲಗೆ ಅಜ್ಜಿಯನ್ನು ಕೇಳಿದಳು, "ನನ್ ತಮ್ಮನ ಬಾಯ್ಗೂ ನೀನೇ ಅಲ್ವಾ ಮಾತ್ರೆ ಆಕಿದ್ದು?"

ಅಮ್ಮ ಹೋಗಲಿಲ್ಲ. ಗಂಟು ಬಿಚ್ಚಿದಳು. ಈಗ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಅಮ್ಮನೇ ಉಣ್ಣಿಸುತ್ತಾಳೆ. ಪ್ರತಿ ತುತ್ತಿಗೂ ಅದೇ ಮಾತು: "ತಿನ್ನಜ್ಜಿ. ನಿನ್ ರಕ್ತಾನೇ ತಿನ್ನಿಸ್ತಾ ಐತೆ."

ಅಜ್ಜಿ ಅಳುತ್ತಾ ನುಂಗುತ್ತಾಳೆ. ಸಾಕು ಬಿಡಮ್ಮ ಎಂದು ನಾನು ಒಂದು ದಿನವೂ ಅಂದಿಲ್ಲ.