ಬಿರುಕು ಬಿಟ್ಟ ಗದ್ದೆಯ ಅಕ್ಕಿ

ನನ್ನ ಮೊಮ್ಮಗಳು ಗೆದ್ದಳು. ಅವಳ ಗದ್ದೆಯ ಹೊಸ ಅಕ್ಕಿ ಇವತ್ತು ಮಿಲ್ಲಿನಿಂದ ಮನೆಗೆ ಬಂತು, ನನಗೆ ಬಾಯಿ ಮುಚ್ಚಿಕೊಂಡಿರಲು ಆಗುತ್ತಿಲ್ಲ. ಚಿನಕುರಳಿ ಕಡೆಯ ನಮ್ಮ ನಾಲೆ ಬಯಲಿನಲ್ಲಿ ಭತ್ತವೆಂದರೆ ಸದಾ ನೀರು ನಿಂತಿರಬೇಕು. ಇವಳು ಮಾತ್ರ, ಮಣ್ಣು ಸಣ್ಣಗೆ ಬಿರುಕು ಬಿಟ್ಟ ಮೇಲೆಯೇ ನೀರು ಹಾಯಿಸುತ್ತೇನೆ, ಉಳಿದದ್ದು ಕೆಳಗಿನ ಗದ್ದೆಯವರಿಗೆ ಹೋಗಲಿ ಎಂದಳು. ಬಿರುಕು ಕಂಡು ಹೆದರಿದ ನನ್ನ ಮಗ ಗುದ್ದಲಿ ಹಿಡಿದು ನೀರು ಬಿಡಲು ಬಂದ. ನಾನು ಬದುವಿನಲ್ಲಿ ನೀರು ಒಳಬರುವ ಮಡೆಗೇ ಅಡ್ಡ ಕೂತೆ.

“ಏಳವ್ವ, ಪೈರು ಒಣಗೋಯ್ತದೆ.”

“ಭತ್ತ ಏನ್ ಮೀನೇನ್ಲಾ, ನೀರಿಂದ ಈಚೆಗ್ ಬಂದೇಟ್ಗೆ ಸತ್ತೋಗಕ್ಕೆ? ನನ್ನ ಎತ್ತಾಕ್ಬುಟ್ಟು ನೀರು ಬುಡು, ನೋಡ್ತೀನಿ.”

ಗೊಣಗುತ್ತಾ ಹಿಂದಿರುಗಿದ. ತೆನೆ ಬಾಗುವಷ್ಟು ಕಾಳು ಕಟ್ಟಿತು. ಸಂಜೆ ಮನೆಮಂದಿಯೆಲ್ಲ ಸಾಲಾಗಿ ಕೂತು ಆ ಅನ್ನ ಉಂಡೆವು. ಇನ್ನಷ್ಟು ಎಂದು ಮಗ ತಟ್ಟೆ ಚಾಚಿದಾಗ ಅವನ ಮಗಳೇ ಬಡಿಸಿದಳು.